ಸಿಗಡಿಯಮ್ಮನ ಪಾಲಿನ ಆರು ಸಿಗಡಿ

ಮೀನು ಮಾರ್ಕೆಟ್ಟಿನೊಳಗೆ ಹೋದರೆ ಎಡಗಡೆ ಮೂರನೇ ಕಲ್ಲು ಸಿಗಡಿಯಮ್ಮನದು. ಕಲ್ಲು ಅನ್ನುವುದು ಹೆಸರಿಗಷ್ಟೇ. ಸೊಂಟದೆತ್ತರದ ಕಟ್ಟೆ, ಮೇಲೆ ಬಿಳಿ ಟೈಲ್ಸು, ಕರಗಿದ ಐಸಿನ ನೀರು ಇಳಿದುಹೋಗಲು ಅಂಚಿನಲ್ಲೊಂದು ತಗಡಿನ ಕಾಲುವೆ. ಅವಳ ಅಮ್ಮ ವ್ಯಾಪಾರ ಮಾಡುತ್ತಿದ್ದ ಕಾಲಕ್ಕೆ ನಿಜವಾದ ಕಲ್ಲೇ ಇತ್ತಂತೆ, ಆ ಹೆಸರು ಹಾಗೇ ಉಳಿದುಕೊಂಡಿತು. ಅವಳ ಸ್ವಂತ ಹೆಸರು ಮಾತ್ರ ಉಳಿಯಲಿಲ್ಲ. ಬ್ಯಾಂಕಿನ ಪುಸ್ತಕದಲ್ಲಿ ಏನೋ ಒಂದು ಬರೆದಿರಬಹುದು. ಅದನ್ನು ಹಿಡಿದು ಕರೆದರೆ ಅವಳೇ ತಿರುಗಿ ನೋಡುತ್ತಾಳೋ ಇಲ್ಲವೋ, ನನಗಂತೂ ಅನುಮಾನ.

ಸಿಗಡಿ, ಏಡಿ, ಚಿಪ್ಪು. ಈ ಮೂರು ಬಿಟ್ಟು ನಾಲ್ಕನೆಯದು ಆ ಕಲ್ಲು ಹತ್ತಿದ್ದಿಲ್ಲ. ಯಾರಾದರೂ ದಾರಿ ತಪ್ಪಿ ಬಂದು ಬೇರೆ ಮೀನು ಕೇಳಿದರೆ, "ಅದಕ್ಕೆ ಮುಂದೆ ಹೋಗಿ" ಅಂತ ಕತ್ತು ಕೂಡ ಎತ್ತದೆ ಹೇಳುವಳು. ಬೆಳಿಗ್ಗೆ ಐದಕ್ಕೆ ದೋಣಿಕಟ್ಟೆಗೆ ಹೋಗಿ ಅವಳು ಪೆಟ್ಟಿಗೆಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು ಅಂದರೆ ದೋಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವರು. ಒಂದು ಸಿಗಡಿ ಎತ್ತಿ, ಹೆಬ್ಬೆರಳಿಂದ ಅದರ ತಲೆ ಒಂಚೂರು ಒತ್ತಿ, ಮೂಗಿನ ಹತ್ತಿರ ಹಿಡಿದು, ವಾಪಸ್ಸು ಹಾಕುವಳು.

"ಈ ಪೆಟ್ಟಿಗೆ ಐಸಿಲ್ಲದೆ ಕೂತಿತ್ತು. ಐಸು ಆಮೇಲೆ ಸುರಿದಿದ್ದೀರಿ."

"ಇಲ್ಲಮ್ಮಾ, ನಿಮ್ಮಾಣೆ."

"ನನ್ನಾಣೆ ಯಾಕೆ ಇಡ್ತೀಯಾ? ನಿನ್ನಾಣೆ ಇಡು ನೋಡೋಣ."

ದೋಣಿಯವನು ತನ್ನಾಣೆ ಇಡುತ್ತಿರಲಿಲ್ಲ. ತೆಪ್ಪಗೆ ಪೆಟ್ಟಿಗೆ ಪಕ್ಕಕ್ಕೆ ಸರಿಸುತ್ತಿದ್ದ.

ಅವಳಿಗೆ ಜಂಭ ಇತ್ತಾ ಅಂತ ಕೇಳಿದರೆ, ಇತ್ತು. ಇರಬೇಕಾದ್ದೇ. ಹದಿನೇಳನೇ ವಯಸ್ಸಿಗೆ ಅಮ್ಮನ ಪಕ್ಕ ನಿಂತವಳು, ಗಂಡ ತೀರಿಕೊಂಡ ವಾರವೊಂದನ್ನು ಬಿಟ್ಟರೆ ಒಂದು ದಿನವೂ ಕಲ್ಲು ಖಾಲಿ ಬಿಡಲಿಲ್ಲ. ನಲವತ್ತು ವರ್ಷದಲ್ಲಿ ಅವಳ ಮಾಲು ಚೆನ್ನಾಗಿಲ್ಲ ಅಂತ ಒಬ್ಬರೂ ಹಿಂದಕ್ಕೆ ತಂದುಕೊಟ್ಟಿಲ್ಲ. ಗಿರಾಕಿಗಳು ಗುಂಪಾಗಿ ನಿಂತಾಗ ಅವಳು ಸೆರಗು ಸಿಕ್ಕಿಸಿಕೊಂಡು ಒಂದು ಮಾತು ಹೇಳುವಳು: "ನನ್ನ ಕಲ್ಲಿನ ಮಾಲು ತಿಂದು ಯಾರ ಮೈಮೇಲಾದ್ರೂ ಒಂದು ದದ್ದು ಎದ್ದಿದ್ದರೆ ಕರಕೊಂಡು ಬನ್ನಿ, ನಾನು ನಾಳೆಯಿಂದ ತರಕಾರಿ ಮಾರ್ತೀನಿ."

ದದ್ದು ಎದ್ದಿತು. ಅವಳ ಮೈಮೇಲೇ ಎದ್ದಿತು.

ಐವತ್ತಾರು ದಾಟಿ ಎರಡು ತಿಂಗಳಾಗಿರಬೇಕು. ಒಂದು ಸಂಜೆ ಊಟ ಮಾಡಿ ಕೈ ತೊಳೆದು ಬರುವಷ್ಟರಲ್ಲಿ ಕಿವಿ ಬಿಸಿಯಾಯಿತು, ಆಮೇಲೆ ಕೆನ್ನೆ, ಆಮೇಲೆ ಕುತ್ತಿಗೆ. ಕನ್ನಡಿಯಲ್ಲಿ ನೋಡಿಕೊಂಡರೆ ಮುಖ ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿದೆ. ಎದೆ ಡವಡವ, ತಲೆ ಸಿಡಿತ, ಹೊಟ್ಟೆಯ ಮೇಲೆಲ್ಲ ಕಡಿತ. ಒಂದೂವರೆ ಗಂಟೆ ಹಾಗೇ ಒದ್ದಾಡಿಸಿ, ಬಂದ ಹಾಗೇ ಹೋಯಿತು. ವಯಸ್ಸಿನ ಕಾವು ಅಂದುಕೊಂಡು ಸುಮ್ಮನಾದಳು. ನಾಲ್ಕು ದಿನ ಬಿಟ್ಟು ಇನ್ನೊಮ್ಮೆ, ಮತ್ತೊಂದು ವಾರಕ್ಕೆ ಮಗದೊಮ್ಮೆ ಬಂತು. ಮೂರನೇ ಸಲ ಅವಳಿಗೇ ಲೆಕ್ಕ ಸಿಕ್ಕಿತು. ಮೂರು ಸಲವೂ ತಟ್ಟೆಯಲ್ಲಿ ಇದ್ದದ್ದು ಸಿಗಡಿ.

ಮೊದಲು ಬಂದ ಯೋಚನೆ ಮಾಲಿನದು. ಕೆಟ್ಟಿತ್ತಾ? ಕೆಟ್ಟಿದ್ದರೆ ಅದೇ ಪಾತ್ರೆಯಿಂದ ಬಡಿಸಿಕೊಂಡ ಮಗ, ಸೊಸೆ ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿದ್ದಾರಲ್ಲ. ಅಂದಮೇಲೆ ಕೆಟ್ಟಿರುವುದು ಮಾಲಲ್ಲ, ತಾನು. ಇದರಿಂದ ಅವಳಿಗೆ ಒಂದು ಕ್ಷಣ ಸಮಾಧಾನವೂ ಆಯಿತು ಅಂದರೆ ನೀವು ನಂಬಬೇಕು. ಆಮೇಲೆ ಸಮಾಧಾನ ಇಳಿದು ಹೆದರಿಕೆ ಹತ್ತಿತು. ಸಿಗಡಿ ಮಾರುವವಳಿಗೇ ಸಿಗಡಿ ಒಗ್ಗುವುದಿಲ್ಲ ಅಂತ ಗೊತ್ತಾದರೆ ಆ ಕಲ್ಲಿನ ಮುಂದೆ ಯಾರು ನಿಲ್ಲುತ್ತಾರೆ?

ಅದರಲ್ಲೂ ಎದುರಿನ ಕಲ್ಲಿನಲ್ಲಿ ರೇಡಿಯೊ ಇದ್ದ. ಅವನೂ ಸಿಗಡಿ, ಏಡಿ ಇಟ್ಟುಕೊಂಡವನೇ. ಒಳ್ಳೆಯ ಮನುಷ್ಯ, ಕಷ್ಟಕ್ಕೆ ಆಗುವವನು, ಆದರೆ ಅವನ ಬಾಯಿಗೆ ಆಫ್ ಮಾಡುವ ಗುಂಡಿ ಇಲ್ಲ. ಅವನ ಕಿವಿಗೆ ಒಂದು ಮಾತು ಬಿದ್ದರೆ ಟೀ ಕುಡಿದು ಲೋಟ ಇಡುವಷ್ಟರಲ್ಲಿ ಮಾರ್ಕೆಟ್ಟಿನ ಎರಡೂ ಗೇಟಿಗೆ ಮುಟ್ಟಿರುತ್ತದೆ. ರೇಡಿಯೊ ಅನ್ನುವ ಹೆಸರು ಇಟ್ಟವಳೂ ಸಿಗಡಿಯಮ್ಮನೇ.

ಹಾಗಾಗಿ ಅವಳು ಗುಟ್ಟು ಮಾಡಿದಳು. ಮಾರ್ಕೆಟ್ಟಿನ ಮೂಲೆಯಲ್ಲೇ ಔಷಧಿ ಅಂಗಡಿ ಇದೆ, ಅಲ್ಲಿ ಕೆಲಸ ಮಾಡುವವಳು ಅವಳ ಸೊಸೆಯೇ. ಅದನ್ನು ಬಿಟ್ಟು, ಬಸ್ಸು ಹತ್ತಿ ಸೇತುವೆ ಆಚೆಯ ಅಂಗಡಿಗೆ ಹೋಗಿ ಕಡಿತದ ಮಾತ್ರೆ ತಂದಳು. ಸಿಗಡಿ ತಿನ್ನುವುದನ್ನೂ ಬಿಡಲಿಲ್ಲ, ಬಿಟ್ಟರೆ ಮನೆಯವರಿಗೆ ಗೊತ್ತಾಗುತ್ತದಲ್ಲ. ಒಂದು ಮಾತ್ರೆ, ನಾಲ್ಕು ಸಿಗಡಿ. ಹೀಗೆ ಐದು ತಿಂಗಳು ನಡೆಸಿದಳು ಆ ಪುಣ್ಯಾತ್ಗಿತ್ತಿ.

ಸೊಸೆ ಮಾತು ಕಡಿಮೆಯವಳು, ಕಣ್ಣು ಚುರುಕಿನವಳು. ಅತ್ತೆಯ ಏಪ್ರನ್ ಒಗೆಯಲು ಹಾಕುವಾಗ ಜೇಬಿನಲ್ಲಿ ಖಾಲಿ ಮಾತ್ರೆ ಪಟ್ಟಿ ಸಿಕ್ಕಿತು. ಒಂದಲ್ಲ, ಮೂರು. ಅವತ್ತು ಏನೂ ಕೇಳಲಿಲ್ಲ. ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಅತ್ತೆ ಯಾವ ದಿನ ಏನು ತಿಂದರು, ಎಷ್ಟು ಹೊತ್ತಿಗೆ ತಿಂದರು, ಮುಖ ಯಾವಾಗ ಕೆಂಪಾಯಿತು ಅಂತ ಬರೆಯುತ್ತಾ ಹೋದಳು. ಮೂರು ವಾರ ಆದಮೇಲೆ ಅಡುಗೆಮನೆಯಲ್ಲಿ ಅತ್ತೆಯನ್ನು ಒಬ್ಬಳೇ ಹಿಡಿದಳು.

"ಅತ್ತೆ, ನಮ್ಮಂಗಡೀಲಿ ಸಿಗೋ ಮಾತ್ರೆಗೆ ಸೇತುವೆ ದಾಟಿ ಹೋಗಿದ್ದೀರಲ್ಲ. ನಮ್ಮ ಮಾತ್ರೆ ಏನು ಪಾಪ ಮಾಡಿತ್ತು?"

ಸಿಗಡಿಯಮ್ಮನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಸ್ಟೂಲು ಎಳೆದುಕೊಂಡು ಕೂತಳು. ಎಲ್ಲ ಹೇಳಿದಳು. ಹೇಳಿ ಕೊನೆಗೆ ಅಂದಳು, "ಯಾರಿಗೂ ಹೇಳಬೇಡ ಕಣೇ. ನಿನ್ನ ಗಂಡನಿಗೂ ಹೇಳಬೇಡ. ಅವನು ಐಸ್ ಲಾರಿ ಓಡಿಸ್ತಾನೆ, ಮೂರು ಮಾರ್ಕೆಟ್ಟಿಗೆ ಹೋಗ್ತಾನೆ. ನನ್ನ ಕಲ್ಲಿಗೆ ಇರೋದು ಹೆಸರೊಂದೇ. ಅದು ಹೋದರೆ ಉಳಿಯೋದು ಬರೀ ಟೈಲ್ಸು."

"ಡಾಕ್ಟರಮ್ಮನ ಹತ್ತಿರ ಹೋಗೋಣ."

"ಡಾಕ್ಟರಮ್ಮನ ಕ್ಲಿನಿಕ್ಕು ನಿಮ್ಮಂಗಡಿ ಮಹಡಿ ಮೇಲೇ ಇದೆ. ನಾನು ಆ ಮೆಟ್ಟಿಲು ಹತ್ತಿದ್ದನ್ನ ರೇಡಿಯೊ ನೋಡಿದರೆ ಮುಗೀತು."

ಸೊಸೆ ಒತ್ತಾಯಿಸಲಿಲ್ಲ. ನೋಟ್‌ಬುಕ್ಕು ಮಾತ್ರ ಮುಚ್ಚಲಿಲ್ಲ.

ಹೀಗಿರುವಾಗ ಮಾರ್ಕೆಟ್ಟಿನ ಹಳೇ ಕಾವಲುಗಾರ ಕೆಲಸ ಬಿಡುವ ದಿನ ಬಂತು. ಎಲ್ಲ ಕಲ್ಲಿನವರೂ ಸೇರಿ ಹಿಂದಿನ ಶೆಡ್ಡಿನಲ್ಲಿ ಮಧ್ಯಾಹ್ನದ ಊಟ ಇಟ್ಟುಕೊಂಡರು. ಒಬ್ಬೊಬ್ಬರು ಒಂದೊಂದು ಕೊಟ್ಟರು. ಸಿಗಡಿಯಮ್ಮ ಏಡಿ ಕೊಟ್ಟಳು. ಅಡುಗೆ ಮಾಡಿದ್ದು ದೊಡ್ಡ ಹೋಟೆಲಿನ ಅಡುಗೆಯವರು, ಇಪ್ಪತ್ತು ವರ್ಷದಿಂದ ಅವಳ ಕಲ್ಲಿಂದಲೇ ಮಾಲು ಒಯ್ಯುವ ಗಿರಾಕಿ. ಅವರು ತಕ್ಕಡಿ ಕೂಡ ನೋಡುತ್ತಿರಲಿಲ್ಲ, ಅಷ್ಟು ನಂಬಿಕೆ. ಅವರನ್ನು ನೋಡಿಕೊಂಡೇ ಊರಿನ ಅರ್ಧ ಜನ ಅವಳ ಹತ್ತಿರ ಬರುತ್ತಿದ್ದದ್ದು.

ಊಟಕ್ಕೆ ಕೂತಾಗ ಸಿಗಡಿಯಮ್ಮ ಉಪಾಯವಾಗಿ ಮೂಲೆ ಹಿಡಿದು ಅನ್ನ, ಸೊಪ್ಪು, ಮೊಟ್ಟೆ ಬಡಿಸಿಕೊಂಡಳು. ರೇಡಿಯೊ ಬಿಡಬೇಕಲ್ಲ.

"ಏನು ಸಿಗಡಿಯಮ್ಮ, ನಿನ್ನ ಏಡಿ ನಿನಗೇ ಬೇಡ್ವಾ? ಹಾಗಿದ್ರೆ ನಾವೂ ಸ್ವಲ್ಪ ಯೋಚನೆ ಮಾಡ್ಬೇಕು ಕಣಪ್ಪ."

ಎಲ್ಲರೂ ನಕ್ಕರು. ತಮಾಷೆಗೆ ಅಂದದ್ದು, ತಮಾಷೆಗೆ ನಕ್ಕದ್ದು. ಆದರೆ ಅಡುಗೆಯವರು ಸೌಟು ಹಿಡಿದುಕೊಂಡೇ ತಿರುಗಿ ಅವಳ ತಟ್ಟೆ ನೋಡಿದರು. ಆ ಒಂದು ನೋಟ ಅವಳಿಗೆ ತಡೆಯಲಾಗಲಿಲ್ಲ.

"ಬಡಿಸಿ ಅಣ್ಣ. ಎರಡು ಹಾಕಿ," ಅಂದಳು.

ಎರಡು ಏಡಿ, ಕಾಲು ಕೊಂಡಿ ಸಮೇತ, ಎಲ್ಲರೂ ನೋಡುವ ಹಾಗೆ ಕಚಕಚ ಕಡಿದು ತಿಂದಳು. ಹಟಕ್ಕೆ ತಿಂದದ್ದು ಅದು, ಹೊಟ್ಟೆಗಲ್ಲ. ಅವತ್ತು ಜೇಬಿನಲ್ಲಿ ಮಾತ್ರೆ ಇರಲಿಲ್ಲ. ಹತ್ತು ನಿಮಿಷಕ್ಕೆ ಮುಖ ಕೆಂಪೇರಿತು, ಹದಿನೈದಕ್ಕೆ ಕಣ್ಣು ಕತ್ತಲಿಟ್ಟು ಬೆಂಚಿನಿಂದ ಪಕ್ಕಕ್ಕೆ ವಾಲಿದಳು. ಅವಳನ್ನು ಹಿಡಿದುಕೊಂಡವನು, ಎತ್ತಿಕೊಂಡು ಡಾಕ್ಟರಮ್ಮನ ಮೆಟ್ಟಿಲು ಹತ್ತಿದವನು ರೇಡಿಯೊನೇ. ದಾರಿಯುದ್ದಕ್ಕೂ "ನನ್ನ ಬಾಯಿಗೆ ಬೆಂಕಿ ಬೀಳ" ಅಂತ ತನ್ನನ್ನೇ ಬೈದುಕೊಳ್ಳುತ್ತಿದ್ದ. ಪಾಪ.

ಸೂಜಿ ಚುಚ್ಚಿ, ಸಂಜೆವರೆಗೂ ಮಲಗಿಸಿ, ಡಾಕ್ಟರಮ್ಮ ಅವಳನ್ನು ಮನೆಗೆ ಕಳಿಸಿದರು. ರಕ್ತ ತೆಗೆದರು, ಕೈಮೇಲೆ ಸಣ್ಣಸಣ್ಣದಾಗಿ ಚುಚ್ಚಿ ಅಲರ್ಜಿ ಪರೀಕ್ಷೆ ಮಾಡಿಸಿದರು. ಒಂದು ವಾರ ಬಿಟ್ಟು ಬನ್ನಿ ಅಂದರು.

ಆ ವಾರ ಹೇಗೆ ಕಳೆಯಿತು ಅಂತ ಹೇಳಲೇಬೇಕು. ಊಟ ಮಾಡಿದ ಮೂವತ್ತು ಜನರಲ್ಲಿ ಮಿಕ್ಕವರಿಗೆ ಏನೂ ಆಗಿರಲಿಲ್ಲ, ಆದರೂ ಸೊಸೆ ಡಾಕ್ಟರಮ್ಮನಿಗೆ ಮಾತ್ರೆ ವಿಷಯ ಹೇಳಿದ್ದು ಬಾಗಿಲಲ್ಲಿ ನಿಂತವರ ಕಿವಿಗೆ ಬಿದ್ದು ಮಾತು ಹಬ್ಬಿತು. ಸಿಗಡಿಯಮ್ಮನಿಗೆ ಅವಳ ಮಾಲೇ ಆಗಲ್ಲವಂತೆ. ಕದ್ದು ಮಾತ್ರೆ ನುಂಗುತ್ತಿದ್ದಳಂತೆ. ಹಳೇ ಗಿರಾಕಿಗಳು ಕಲ್ಲಿನ ಮುಂದೆ ಬಂದು, ಆರೋಗ್ಯ ವಿಚಾರಿಸಿ, ಏನೂ ಕೊಳ್ಳದೆ ಹೋದರು. ಬೈದು ಹೋಗಿದ್ದರೆ ಅವಳು ತಿರುಗಿ ಬೈಯುತ್ತಿದ್ದಳು. ಮೆತ್ತಗೆ ಮಾತಾಡಿಸಿ ಹೋದವರನ್ನು ಏನು ಮಾಡುವುದು? ಅಡುಗೆಯವರು ಐದು ದಿನದಿಂದ ಬಂದಿರಲಿಲ್ಲ. ಕಲ್ಲಿನ ಮೇಲೆ ಮಾಲು ಹಾಗೇ ಉಳಿಯಿತು. ಅಮ್ಮನ ಕಾಲದಿಂದ ಅಂಥದ್ದೊಂದು ವಾರ ಆ ಕಲ್ಲು ಕಂಡಿರಲಿಲ್ಲ.

ಎಂಟನೇ ದಿನ ಅತ್ತೆ ಸೊಸೆ ಇಬ್ಬರೂ ಹಗಲು ಹೊತ್ತಲ್ಲೇ ಮೆಟ್ಟಿಲು ಹತ್ತಿದರು. ಬಚ್ಚಿಡುವುದಕ್ಕೆ ಇನ್ನೇನು ಉಳಿದಿತ್ತು?

ಡಾಕ್ಟರಮ್ಮ ಸೊಸೆಯ ನೋಟ್‌ಬುಕ್ಕನ್ನು ಎರಡು ಸಲ ಓದಿದರು. ಸಿಗಡಿ ತಿಂದ ದಿನವಷ್ಟೇ ಅಲ್ಲ, ಒಣಮೀನು ತಿಂದ ದಿನವೂ ಮುಖ ಕೆಂಪಾಗಿತ್ತು, ನಿನ್ನೆಯ ಸಾರು ಬಿಸಿ ಮಾಡಿ ತಿಂದ ದಿನವೂ ಒಮ್ಮೆ.

"ಅಲರ್ಜಿ ಪರೀಕ್ಷೆಯಲ್ಲಿ ಏನೂ ಬಂದಿಲ್ಲ," ಅಂದರು. "ನನಗೆ ಇದು ಹಿಸ್ಟಮಿನ್ ತಡೆಯದಿರೋ ತೊಂದರೆ ಥರ ಕಾಣ್ತಿದೆ. ಮೀನು, ಸಿಗಡಿ ಸತ್ತ ಮೇಲೆ ಇಟ್ಟಷ್ಟು ಹೊತ್ತೂ ಅದರಲ್ಲಿ ಹಿಸ್ಟಮಿನ್ ಅನ್ನೋದು ಸೇರ್ತಾ ಹೋಗಬಹುದು. ಐಸು ಹಾಕಿದರೆ ನಿಧಾನ ಆಗತ್ತೆ. ಒಮ್ಮೆ ಸೇರಿದ್ದು ಬೇಯಿಸಿದರೆ ಹೋಗಲ್ಲ. ಸ್ವಲ್ಪ ಇದ್ದರೆ ಬೇರೆಯವರ ಹೊಟ್ಟೆ ಅದನ್ನ ಕರಗಿಸಿಬಿಡತ್ತೆ, ಅವರಿಗೆ ಗೊತ್ತೂ ಆಗಲ್ಲ. ನಿಮ್ಮ ಹೊಟ್ಟೆಗೆ ಈಗ ಆ ಶಕ್ತಿ ಕಮ್ಮಿಯಾಗಿದೆ."

ಸಿಗಡಿಯಮ್ಮನ ಮೂಗಿನ ಹೊಳ್ಳೆ ಅರಳಿತು. "ಅಂದ್ರೆ ನನ್ನ ಮಾಲು ಹಳೇದು ಅಂತೀರಾ?"

"ಹಾಗಲ್ಲಮ್ಮ. ನೀವು ಊಟಕ್ಕೆ ಸಿಗಡಿ ಯಾವಾಗಿನದು ತಗೊಂಡು ಹೋಗ್ತೀರಿ?"

"ಯಾವಾಗಿನದು ಅಂದ್ರೆ? ಸಂಜೆ ಕಲ್ಲು ತೊಳೆಯೋ ಹೊತ್ತಿಗೆ ಏನು ಉಳಿದಿರತ್ತೋ ಅದು. ಕಲ್ಲು ತೊಳೆದು, ಬುಟ್ಟಿ ತೊಳೆದು, ಬಸ್ಸು ಹಿಡಿದು, ಮನೆಗೆ ಹೋಗಿ ಮಾಡೋದು."

"ಬೆಳಿಗ್ಗೆ ದೋಣಿಯಿಂದ ಬಂದದ್ದು?"

ಸಿಗಡಿಯಮ್ಮ ಡಾಕ್ಟರಮ್ಮನನ್ನು ಕನಿಕರದಿಂದ ನೋಡಿದಳು. ಇಷ್ಟು ಓದಿದವರಿಗೆ ಇಷ್ಟೂ ತಿಳಿಯದಲ್ಲ ಅಂತ. "ಅದು ಗಿರಾಕಿಗೆ ಡಾಕ್ಟರಮ್ಮ. ಮೊದಲನೇ ಮಾಲನ್ನ ಯಾರಾದ್ರೂ ಮನೆಗೆ ಒಯ್ತಾರಾ? ನಮ್ಮಮ್ಮ ಅದನ್ನ ಕಳ್ಳತನ ಅಂತಿದ್ರು. ಮಾರ್ಕೆಟ್ಟಲ್ಲಿ ಯಾವ ಕಲ್ಲಿನವರೂ ಒಯ್ಯಲ್ಲ. ಮೊನ್ನೆ ಊಟಕ್ಕೆ ನಾನು ಕೊಟ್ಟ ಏಡೀನೂ ಹಿಂದಿನ ದಿನ ಉಳಿದದ್ದೇ. ನಮ್ಮನಮ್ಮಲ್ಲಿ ಊಟ ಅಂದ್ರೆ ಹಾಗೇ."

"ಅಂದ್ರೆ ನಲವತ್ತು ವರ್ಷದಲ್ಲಿ ನಿಮ್ಮ ಒಳ್ಳೇ ಮಾಲನ್ನ ನೀವು ಒಂದು ದಿನಾನೂ ತಿಂದಿಲ್ಲ."

ಸಿಗಡಿಯಮ್ಮ ಸೊಸೆ ಕಡೆ ನೋಡಿದಳು. ಸೊಸೆ ನೋಟ್‌ಬುಕ್ಕಿನ ಕಡೆ ನೋಡಿದಳು. ಅಡುಗೆಯವರು ಹೋಟೆಲಿಗೆ ಒಯ್ಯುವುದನ್ನು, ಇನ್ನೊಬ್ಬ ಹಳೇ ಗಿರಾಕಿ ಮೇಷ್ಟ್ರ ಹೆಂಡತಿ ಮೊಮ್ಮಕ್ಕಳಿಗೆ ಒಯ್ಯುವುದನ್ನು, ಊರೆಲ್ಲ ತಿಂದು ಹೊಗಳುವುದನ್ನು ಸಿಗಡಿಯಮ್ಮ ಬರೀ ಕೈಯಲ್ಲಿ ಮುಟ್ಟಿದ್ದಳು, ಮೂಸಿದ್ದಳು. ಅದರ ರುಚಿ ಅವಳಿಗೆ ಗೊತ್ತಿರಲಿಲ್ಲ.

ಡಾಕ್ಟರಮ್ಮ ಹೇಳಿದ್ದು ಇಷ್ಟು: ನಾಲ್ಕು ವಾರ ಸಿಗಡಿ, ಏಡಿ, ಚಿಪ್ಪು, ಒಣಮೀನು, ತಂಗಳು ಎಲ್ಲ ಬಂದ್. ಆಮೇಲೆ ಮೈ ಸರಿ ಇದ್ದರೆ, ಆಗತಾನೇ ಬಂದದ್ದನ್ನು ಮಾತ್ರ, ಒಂದೇ ಒಂದು, ಡಾಕ್ಟರಮ್ಮ ಕ್ಲಿನಿಕ್ಕಿನಲ್ಲಿ ಇರುವ ಹೊತ್ತಿಗೆ ತಿಂದು ನೋಡಬಹುದು. ಅದೂ ಒಗ್ಗುತ್ತದೆ ಅಂತ ಖಾತ್ರಿ ಇಲ್ಲ, ಕೆಲವರಿಗೆ ಆಗತಾನೇ ಬಂದದ್ದೂ ಆಗುವುದಿಲ್ಲ. ಹಟಕ್ಕೆ ತಿನ್ನುವುದನ್ನು ಮಾತ್ರ ಸತ್ತರೂ ಮಾಡಕೂಡದು. ಕೊನೆಯ ಮಾತನ್ನು ಎರಡು ಸಲ ಹೇಳಿದರು.

ಮರುದಿನ ಬೆಳಿಗ್ಗೆ ಅಡುಗೆಯವರು ಮಾರ್ಕೆಟ್ಟಿಗೆ ಬಂದರು. ಬಂದವರು ರೇಡಿಯೊನ ಕಲ್ಲಿನ ಮುಂದೆ ನಿಂತರು, ಬೆನ್ನು ಇವಳ ಕಡೆ ಮಾಡಿ. ಸುಮ್ಮನಿದ್ದರೆ ಈ ಬೆನ್ನನ್ನೇ ಇನ್ನು ದಿನಾ ನೋಡಬೇಕು ಅಂತ ಸಿಗಡಿಯಮ್ಮನಿಗೆ ಗೊತ್ತಿತ್ತು. ಕೈ ಒರೆಸಿಕೊಂಡಳು.

"ಅಣ್ಣ, ಒಂದು ಮಾತು. ಕೊಳ್ಳಬೇಡಿ, ಕೇಳಿ ಸಾಕು."

ಅವರು ತಿರುಗಿದರು. ಸುತ್ತಲಿದ್ದವರೂ ತಿರುಗಿದರು.

"ನನಗೆ ಸಿಗಡಿ ಆಗಲ್ಲ ಅನ್ನೋದು ನಿಜ. ಮಾತ್ರೆ ನುಂಗಿದ್ದೂ ನಿಜ, ಮುಚ್ಚಿಟ್ಟಿದ್ದೂ ನಿಜ. ಮುಚ್ಚಿಟ್ಟಿದ್ದು ತಪ್ಪು. ಆದರೆ ಕೇಳಿ. ಕೂತು ಹಳತಾದದ್ದು ನನ್ನ ಮೈಗೆ ಒಗ್ಗಲ್ಲ ಅಂತ ಡಾಕ್ಟರಮ್ಮ ಹೇಳಿದ್ದಾರೆ. ನಾನು ನಲವತ್ತು ವರ್ಷ ತಿಂದಿರೋದು ಅದನ್ನೇ. ನೀವೆಲ್ಲ ಆರಿಸಿಕೊಂಡು ಹೋದಮೇಲೆ ಸಂಜೆ ಉಳಿದದ್ದನ್ನ. ನೀವು ಒಯ್ಯೋ ಮಾಲಲ್ಲಿ ಒಂದೇ ಒಂದು ನನ್ನ ಬಾಯಿಗೆ ಬಂದಿಲ್ಲ. ನಿಮ್ಮ ಪಾಲಿನದನ್ನ ನಾನು ಮುಟ್ಟಿಲ್ಲ ಅಣ್ಣ, ಅಷ್ಟೇ ನನ್ನ ಕಾಯಿಲೆ."

ರೇಡಿಯೊ ತನ್ನ ಕಲ್ಲಿನ ಹಿಂದೆ ತಲೆ ತಗ್ಗಿಸಿ, "ನಾವೂ ಹಾಗೇ ಅಲ್ವಾ. ನನ್ನ ಮಕ್ಕಳೂ ಒಳ್ಳೇ ಏಡಿ ಕಂಡಿಲ್ಲ," ಅಂದ. ಜೀವನದಲ್ಲಿ ಮೊದಲ ಸಲ ಅವನ ದನಿ ಮುಂದಿನ ಕಲ್ಲಿಗೆ ಕೇಳಿಸಲಿಲ್ಲ.

ಅಡುಗೆಯವರು ಚೀಲ ಹಿಡಿದುಕೊಂಡು ಇವಳ ಕಲ್ಲಿಗೆ ಬಂದರು. "ಇಪ್ಪತ್ತು ವರ್ಷ ಆಯ್ತಲ್ಲಮ್ಮ, ಒಂದು ದಿನ ಹೇಳಬಾರದಿತ್ತಾ," ಅಂದರು. ಸಿಟ್ಟಲ್ಲೇ ಅಂದರು. ಎಂದಿನಷ್ಟೇ ತೂಗಿಸಿಕೊಂಡರು, ತಕ್ಕಡಿ ಕಡೆ ನೋಡಲಿಲ್ಲ.

ಗಿರಾಕಿಗಳು ಒಬ್ಬೊಬ್ಬರಾಗಿ ವಾಪಸ್ಸು ಬಂದರು. ಎಲ್ಲರೂ ಬಂದರು ಅಂದರೆ ಸುಳ್ಳಾಗುತ್ತದೆ. ಕೆಲವರು ಬರಲಿಲ್ಲ, ಅವರಿಗೆ ಅವರ ಹೆದರಿಕೆ. ಬಂದವರಲ್ಲಿ ಅರ್ಧ ಜನರನ್ನು ಕರೆತಂದದ್ದು ರೇಡಿಯೊನ ಬಾಯಿ. "ಒಳ್ಳೇದೆಲ್ಲ ನಿಮಗೆ ಕೊಟ್ಟು ತಾನು ಉಳಿದದ್ದು ತಿಂದು ಬಿದ್ದವಳು ಅವಳು" ಅಂತ ಅವನು ತನ್ನ ಗಿರಾಕಿಗಳಿಗೇ ಹೇಳಿ ಕಳಿಸುತ್ತಿದ್ದ. ತನ್ನ ವ್ಯಾಪಾರಕ್ಕೆ ತಾನೇ ಕಲ್ಲು ಹಾಕಿಕೊಂಡ ಮನುಷ್ಯ.

ನಾಲ್ಕು ವಾರ ಕಳೆಯಿತು. ಮುಖ ಕೆಂಪಾಗಲಿಲ್ಲ, ತಲೆ ಸಿಡಿಯಲಿಲ್ಲ. ಡಾಕ್ಟರಮ್ಮ, "ನಾಳೆ ಬೆಳಿಗ್ಗೆ ಏಳಕ್ಕೇ ಬಂದು ಕೂತಿರ್ತೀನಿ, ನೋಡೋಣ" ಅಂದರು. ಮೊದಲು ಒಂದು, ಅರ್ಧ ಗಂಟೆ ಕಾಯುವುದು, ಏನೂ ಆಗದಿದ್ದರೆ ಇನ್ನೊಂದು. ಆ ಎರಡರ ಮೇಲೆ ಅವತ್ತಿಗೆ ಬೇಡ. ಸೂಜಿ, ಮಾತ್ರೆ ಸೊಸೆಯ ಕೈಚೀಲದಲ್ಲಿ.

ಬೆಳಿಗ್ಗೆ ದೋಣಿಯಿಂದ ಬಂದ ಸಿಗಡಿ ಕಲ್ಲಿನ ಮೇಲೆ ಹರಡಿತ್ತು. ಒಂದನ್ನು ತನಗೆ ಅಂತ ಎತ್ತಿ ಪಕ್ಕಕ್ಕಿಡಬೇಕು, ಅಷ್ಟೇ ಕೆಲಸ. ಸಿಗಡಿಯಮ್ಮನಿಗೆ ಮನಸ್ಸು ಬರಲಿಲ್ಲ. ಒಂದನ್ನು ಎತ್ತಿದಳು, ಇದು ಮೇಷ್ಟ್ರ ಹೆಂಡತಿಗೆ ಇಷ್ಟವಾಗುವ ಅಳತೆ ಅನ್ನಿಸಿತು, ಇಟ್ಟಳು. ಇನ್ನೊಂದನ್ನು ಎತ್ತಿದಳು, ಇದು ಹೋಟೆಲಿನದು. ಮೂಲೆಯಲ್ಲಿ ಸ್ವಲ್ಪ ಬಾಲ ಮುರಿದದ್ದೊಂದಿತ್ತು, ಅದನ್ನು ಎತ್ತಿಕೊಂಡು, "ಇದು ಸಾಕು ಬಿಡೆ, ರುಚಿ ನೋಡೋಕೆ ತಾನೇ," ಅಂದಳು.

ಸೊಸೆ ಅತ್ತೆಯ ಕೈಯಿಂದ ಆ ಸಿಗಡಿ ಕಿತ್ತುಕೊಂಡು ಹಿಂದಕ್ಕೆ ಹಾಕಿದಳು. ಕಲ್ಲು ಸುತ್ತಿಕೊಂಡು ಮುಂದೆ ಹೋದಳು. ಅಲ್ಲಿ ನಾಲ್ಕು ಜನ ಗಿರಾಕಿಗಳು ಸಾಲಲ್ಲಿ ನಿಂತಿದ್ದರು, ಅವರ ಹಿಂದೆ ತಾನೂ ನಿಂತಳು. ಸರದಿ ಬಂದಾಗ ಪರ್ಸು ತೆಗೆದಳು.

"ಆರು ಸಿಗಡಿ ಕೊಡಿ. ಎರಡು ನಮ್ಮತ್ತೆಗೆ, ಮಿಕ್ಕಿದ್ದು ನನಗೆ, ನಮ್ಮ ಯಜಮಾನರಿಗೆ. ಇವತ್ತಿನದೇ ಆಗಬೇಕು. ನಮ್ಮತ್ತೆಗೆ ಕಣ್ಣು ಬಹಳ ಸೂಕ್ಷ್ಮ, ಸುಮಾರಾಗಿರೋದು ಕೊಟ್ಟರೆ ವಾಪಸ್ಸು ತರ್ತೀನಿ."

ಸಾಲಿನಲ್ಲಿದ್ದವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಸಿಗಡಿಯಮ್ಮ ನಗಲಿಲ್ಲ. ವಾಪಸ್ಸು ಅನ್ನುವ ಮಾತು ಅವಳ ಕಲ್ಲಿನ ಮುಂದೆ ಯಾರೂ ಆಡಿದ್ದಿಲ್ಲ. "ನನ್ನ ಕಲ್ಲಿಂದ ವಾಪಸ್ಸು ತರೋರು ಇನ್ನೂ ಹುಟ್ಟಿಲ್ಲ," ಅಂತ ಗದರಿದಳು. ಗದರುತ್ತಲೇ ಕೈ ತಾನಾಗೇ ಓಡಿತು. ತಲೆ ಗಟ್ಟಿ ಇರುವುದು, ಚಿಪ್ಪು ಹೊಳೆಯುವುದು, ಎತ್ತಿದರೆ ಬಾಗಿ ನಿಲ್ಲುವುದು, ರಾಶಿಯಲ್ಲೇ ಒಳ್ಳೆಯ ಆರನ್ನು ಆರಿಸಿ ತೂಗಿ ಕಟ್ಟಿಕೊಟ್ಟಳು. ಪುಕ್ಕಟೆ ಕೊಡಲಿಲ್ಲ. ಸೊಸೆ ಚೌಕಾಸಿಯೂ ಮಾಡಲಿಲ್ಲ.

ಟೀ ಅಂಗಡಿಯ ಸ್ಟವ್ ಮೇಲೆ ನೀರು ಕುದಿಯುತ್ತಿತ್ತು. ಉಪ್ಪು ಹಾಕಿ, ಮೂರು ನಿಮಿಷ ಬೇಯಿಸಿ, ಸೊಸೆ ಒಂದನ್ನು ಸುಲಿದು ತಟ್ಟೆಯಲ್ಲಿಟ್ಟು ತಂದಳು. ಡಾಕ್ಟರಮ್ಮ ಕ್ಲಿನಿಕ್ಕಿನಿಂದ ಇಳಿದು ಬಂದು ನಿಂತಿದ್ದರು. ರೇಡಿಯೊ ತನ್ನ ಕಲ್ಲು ಬಿಟ್ಟು ಬಂದಿದ್ದ, ಅಡುಗೆಯವರು ಚೀಲ ಕೆಳಗಿಟ್ಟಿದ್ದರು. ಎಲ್ಲರೂ ನೋಡುತ್ತಿದ್ದದ್ದು ಅವಳ ಕೆನ್ನೆಯನ್ನು.

ಸಿಗಡಿಯಮ್ಮ ಬಾಯಿಗೆ ಹಾಕಿಕೊಂಡಳು. ಒಂದು ಸಲ ಜಗಿದಳು, ನಿಲ್ಲಿಸಿದಳು. ಕಣ್ಣು ತುಂಬಿ ಬಂತು.

"ಅತ್ತೆ, ಉರೀತಿದೆಯಾ?" ಸೊಸೆಯ ಕೈ ಆಗಲೇ ಕೈಚೀಲದೊಳಗಿತ್ತು.

ಅವಳು ಇಲ್ಲ ಅಂತ ತಲೆಯಾಡಿಸಿದಳು. ನಿಧಾನಕ್ಕೆ, ಪೂರ್ತಿ ಜಗಿದು ನುಂಗಿದಳು. "ಸಿಹಿ ಇದೆಯಲ್ಲೇ," ಅಂದಳು. "ಸಿಗಡಿ ಸಿಹಿ ಇರತ್ತೆ ಅಂತ ನನಗೆ ಯಾರೂ ಹೇಳ್ಲಿಲ್ಲ."

ಯಾರು ಹೇಳುತ್ತಾರೆ? ಮಾರುವವಳಿಗೇ ಗೊತ್ತಿರುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಅಡುಗೆಯವರು ಮುಖ ಆ ಕಡೆ ತಿರುಗಿಸಿಕೊಂಡರು. ಸಿಗಡಿಯಮ್ಮನಿಗೆ ಅಳುವೂ ಬರುತ್ತಿತ್ತು, ಹೆಮ್ಮೆಯಿಂದ ಎದೆ ಉಬ್ಬಿಯೂ ಬರುತ್ತಿತ್ತು, ಎರಡರಲ್ಲಿ ಯಾವುದಕ್ಕೆ ದಾರಿ ಬಿಡಬೇಕು ಅಂತ ತಿಳಿಯಲಿಲ್ಲ. ಇಂಥದ್ದನ್ನು ತಾನು ನಲವತ್ತು ವರ್ಷ ಊರಿಗೆ ತಿನ್ನಿಸಿದ್ದೇನೆ. ಅಮ್ಮನೂ ತಿನ್ನಿಸಿದ್ದಳು. ಅಮ್ಮ ಇದರ ರುಚಿ ನೋಡದೆಯೇ ಹೋದಳು.

ಅರ್ಧ ಗಂಟೆ ಕಾಯಬೇಕಲ್ಲ. ಸುಮ್ಮನೆ ಕೂತು ಕಾಯುವ ಹೆಂಗಸು ಅವಳಲ್ಲ. ಮುಖ ತೊಳೆದುಕೊಂಡು ಕಲ್ಲಿನ ಹಿಂದೆ ಹೋಗಿ ನಿಂತಳು. ಕೆನ್ನೆ ಕೆನ್ನೆಯ ಬಣ್ಣದಲ್ಲೇ ಇತ್ತು. ಸೊಸೆ ಪಕ್ಕದಲ್ಲೇ ನಿಂತು ಗಡಿಯಾರ ನೋಡುತ್ತಿದ್ದಳು. ಅಷ್ಟರಲ್ಲಿ ಊರಿಗೆ ಹೊಸಬಳಂತೆ ಕಾಣುವ ಒಬ್ಬ ಹುಡುಗಿ ಬಂದು, ಸಿಗಡಿ ರಾಶಿಯನ್ನು ಅನುಮಾನದಿಂದ ನೋಡಿ ಕೇಳಿದಳು.

"ಚೆನ್ನಾಗಿದೆಯಾ ಅಮ್ಮಾ?"

ಸಿಗಡಿಯಮ್ಮ ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ನಿಂತಳು.

"ಚೆನ್ನಾಗಿದೆ ಮಗಳೇ," ಅಂದಳು. "ನಾನೇ ತಿಂದು ನೋಡಿದ್ದೀನಿ."